ಸುದ್ದಿಗೆ ಪ್ರಶ್ನೆ ಹಾಕಿ: ಅರ್ಥಶಾಸ್ತ್ರದ ಪ್ರಾಜೆಕ್ಟ್ ಮಾಡುವ ಬಗೆ

‘ಪ್ರಚಲಿತ ಸುದ್ದಿಯ ಮೇಲೆ ಒಂದು ಪ್ರಾಜೆಕ್ಟ್ ಮಾಡಿಕೊಂಡು ಬನ್ನಿ’ ಎಂದು ಅರ್ಥಶಾಸ್ತ್ರದ ತರಗತಿಯಲ್ಲಿ ಹೇಳಿದರೆ ಏನು ಬರುತ್ತದೆ ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು. ಬಣ್ಣದ ಹಾಳೆಗೆ ಅಂಟಿಸಿದ ಪತ್ರಿಕೆಯ ತುಣುಕುಗಳು, ಪ್ರತಿ ತುಣುಕಿನ ಕೆಳಗೆ ‘ಇದು ಹಣದುಬ್ಬರಕ್ಕೆ ಉದಾಹರಣೆ’, ‘ಇದು ಏಕಸ್ವಾಮ್ಯಕ್ಕೆ ಉದಾಹರಣೆ’ ಎಂಬ ಒಂದೊಂದು ಸಾಲು, ಕೊನೆಯ ಪುಟದಲ್ಲಿ ಪಠ್ಯಪುಸ್ತಕದಿಂದ ಇಳಿಸಿಕೊಂಡ ವ್ಯಾಖ್ಯಾನ. ಹಾಳೆ ಅಂದವಾಗಿರುತ್ತದೆ, ಅಕ್ಷರ ದುಂಡಗಿರುತ್ತದೆ, ಅಂಕವೂ ಬೀಳುತ್ತದೆ. ಅರ್ಥಶಾಸ್ತ್ರ ಮಾತ್ರ ಅದರೊಳಗೆ ಕಾಲಿಟ್ಟಿರುವುದಿಲ್ಲ. ಹೆಸರು ಹಚ್ಚುವುದೇ ಬೇರೆ, ವಿವರಿಸುವುದೇ ಬೇರೆ.

ಇವೆರಡರ ವ್ಯತ್ಯಾಸ ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ನೀವು ಬರೆದ ಪುಟದಲ್ಲಿ ಪರಿಕಲ್ಪನೆಯ ಹೆಸರು ಬಂದಲ್ಲೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ. ಉಳಿದದ್ದನ್ನು ಓದಿದಾಗ ಪತ್ರಿಕೆಯಲ್ಲಿದ್ದ ಸುದ್ದಿಯೇ ಮತ್ತೆ ಸಿಕ್ಕರೆ ಪ್ರಾಜೆಕ್ಟ್ ಇನ್ನೂ ಶುರುವಾಗಿಲ್ಲ. ವರದಿಗಾರ ಹೇಳದೆ ಬಿಟ್ಟಿದ್ದು ಏನಾದರೂ ಅಲ್ಲಿ ಉಳಿದಿದೆಯೇ? ಯಾರು ಏಕೆ ಹಾಗೆ ನಡೆದುಕೊಂಡರು, ಇನ್ನು ಮುಂದೆ ಯಾರು ಏನು ಮಾಡಬಹುದು ಎಂಬ ಮಾತು ಇದೆಯೇ? ಇದ್ದರೆ ಪರಿಕಲ್ಪನೆ ದುಡಿದಿದೆ ಎಂದರ್ಥ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಪರೀಕ್ಷೆಯನ್ನು ದಾಟುವುದಕ್ಕಾಗಿ. ಕೈಯಲ್ಲಿ ನಾಲ್ಕರಿಂದ ಆರು ವಾರ ಇದೆ ಎಂದಿಟ್ಟುಕೊಂಡು ಬರೆದಿದ್ದೇನೆ. ಒಂದೇ ರಾತ್ರಿಯಲ್ಲಿ ಮುಗಿಸುವವರಿಗೆ ಇದರಿಂದ ಉಪಯೋಗವಿಲ್ಲ.

ಮೊದಲ ಹೆಜ್ಜೆ: ಸುದ್ದಿಯನ್ನು ಆರಿಸುವುದು

ಎಲ್ಲ ಸುದ್ದಿಯೂ ಪ್ರಾಜೆಕ್ಟಿಗೆ ಒಗ್ಗುವುದಿಲ್ಲ. ಭಾಷಣ, ಭರವಸೆ, ಆರೋಪ, ಪ್ರತ್ಯಾರೋಪಗಳನ್ನು ಮೊದಲೇ ಪಕ್ಕಕ್ಕಿಡಿ. ಷೇರುಪೇಟೆಯ ದಿನದ ಏರಿಳಿತವನ್ನೂ ಬಿಡಿ. ‘ಹೂಡಿಕೆದಾರರ ಉತ್ಸಾಹದಿಂದ ಸೂಚ್ಯಂಕ ಏರಿತು’ ಎನ್ನುವುದು ಏರಿದ ಮೇಲೆ ಹುಡುಕಿದ ಕಾರಣ. ಅದೇ ದಿನ ಸೂಚ್ಯಂಕ ಇಳಿದಿದ್ದರೆ ಅದಕ್ಕೂ ಒಂದು ಕಾರಣ ಸಿದ್ಧವಿರುತ್ತಿತ್ತು. ‘ಜಾಗತಿಕ ಆರ್ಥಿಕ ಹಿಂಜರಿತ’ದಂಥ ಬೃಹತ್ ವಿಷಯಕ್ಕೂ ಕೈಹಾಕಬೇಡಿ. ಇಪ್ಪತ್ತು ಪುಟ ತುಂಬುತ್ತದೆ, ಹಿಡಿತಕ್ಕೆ ಒಂದೂ ಸಿಗುವುದಿಲ್ಲ.

ಒಗ್ಗುವ ಸುದ್ದಿಯಲ್ಲಿ ಒಂದು ಬೆಲೆಯೋ ಪ್ರಮಾಣವೋ ನಿಯಮವೋ ಬದಲಾಗಿರುತ್ತದೆ. ಆ ಬದಲಾವಣೆಯ ಎದುರು ಯಾರೋ ಒಂದು ತೀರ್ಮಾನ ತೆಗೆದುಕೊಳ್ಳಬೇಕಾಗಿರುತ್ತದೆ. ಆ ತೀರ್ಮಾನದ ಫಲ ಅಂಕಿಯಲ್ಲೋ ನಡವಳಿಕೆಯಲ್ಲೋ ಕಾಣಿಸುವಂತಿರುತ್ತದೆ. ಇವೆಲ್ಲ ಇರುವ ಸುದ್ದಿ ಮುಖಪುಟದಲ್ಲಿ ಸಿಗುವುದು ಅಪರೂಪ. ವಾಣಿಜ್ಯ ಪುಟದ ಮೂಲೆಯಲ್ಲಿ, ವಿದೇಶ ಸುದ್ದಿಯ ಚಿಕ್ಕ ಕಾಲಂಗಳಲ್ಲಿ ಹುಡುಕಿ. ಸ್ವಲ್ಪ ವಿಚಿತ್ರವಾಗಿದ್ದರಂತೂ ಇನ್ನೂ ಒಳ್ಳೆಯದು.

2023ರ ನವೆಂಬರ್‌ನಲ್ಲಿ ಬಂದ ಅಂಥದೊಂದು ಸುದ್ದಿಯನ್ನು ಇಲ್ಲಿ ಉದ್ದಕ್ಕೂ ಬಳಸಿಕೊಳ್ಳುತ್ತೇನೆ. ಪನಾಮಾ ಕಾಲುವೆಯನ್ನು ದಾಟಲು ತನ್ನ ಸರದಿಗಾಗಿ ಕಾಯಲಾರದೆ ಒಂದು ಹಡಗಿನವರು ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರ್ ಕೊಟ್ಟರು. ಇದು ಮಾಮೂಲಿ ಸುಂಕವಲ್ಲ. ಸುಂಕದ ಮೇಲೆ, ಬರೀ ಸರದಿಗಾಗಿ ಕೊಟ್ಟ ಹಣ.

ಹಿನ್ನೆಲೆ ಗೊತ್ತಿಲ್ಲದಿದ್ದರೆ ಇದು ಶ್ರೀಮಂತರ ಹುಚ್ಚಾಟದಂತೆ ಕಾಣುತ್ತದೆ. ಹಿನ್ನೆಲೆ ಹೀಗಿದೆ. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಜೋಡಿಸುವ ಈ ಕಾಲುವೆ ಸಮುದ್ರಮಟ್ಟದಲ್ಲಿಲ್ಲ. ಹಡಗನ್ನು ಬಾಗಿಲುಗಳುಳ್ಳ ನೀರಿನ ಕಟ್ಟೆಗಳ ಮೂಲಕ ಹಂತಹಂತವಾಗಿ ಸುಮಾರು 26 ಮೀಟರ್ ಮೇಲಕ್ಕೆತ್ತಿ, ಗಾಟುನ್ ಎಂಬ ಸಿಹಿನೀರಿನ ಸರೋವರವನ್ನು ದಾಟಿಸಿ, ಆಚೆಗೆ ಮತ್ತೆ ಕೆಳಗಿಳಿಸುತ್ತಾರೆ. ಒಂದು ಹಡಗು ದಾಟುವಾಗ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರ ಸೇರುತ್ತದೆ. ದೇಶದ ಅರ್ಧದಷ್ಟು ಜನರಿಗೆ ಕುಡಿಯುವ ನೀರು ಬರುವುದೂ ಇದೇ ಜಲಾನಯನ ಪ್ರದೇಶದಿಂದ. 2023ರಲ್ಲಿ ಎಲ್ ನಿನೊ ಪರಿಣಾಮದಿಂದ ಮಳೆ ಕೈಕೊಟ್ಟಿತು. ಆ ಅಕ್ಟೋಬರ್, 1950ರಿಂದೀಚೆಗಿನ ದಾಖಲೆಗಳಲ್ಲೇ ಅತ್ಯಂತ ಒಣ ಅಕ್ಟೋಬರ್ ಆಗಿತ್ತು. ದಿನಕ್ಕೆ 36ರ ಆಸುಪಾಸಿನಲ್ಲಿದ್ದ ಹಡಗುಗಳ ಸಂಖ್ಯೆಯನ್ನು ಕಾಲುವೆಯ ಆಡಳಿತ ಹಂತಹಂತವಾಗಿ ತಗ್ಗಿಸುತ್ತಾ ನವೆಂಬರ್‌ನಲ್ಲಿ 24ಕ್ಕೆ ಇಳಿಸಿತು.

ಎರಡನೆಯ ಹೆಜ್ಜೆ: ವಿಷಯವನ್ನು ಪ್ರಶ್ನೆಯಾಗಿಸುವುದು

‘ಪನಾಮಾ ಕಾಲುವೆಯ ಬಿಕ್ಕಟ್ಟು’ ಎನ್ನುವುದು ಶೀರ್ಷಿಕೆಯಾದೀತು, ಪ್ರಶ್ನೆಯಾಗದು. ಅದರ ಕೆಳಗೆ ಇತಿಹಾಸ, ಭೂಗೋಳ, ಹವಾಮಾನ ಏನನ್ನು ಬೇಕಾದರೂ ತುರುಕಬಹುದು. ‘ಕೆಲವು ದಿನ ಕಾಯುವ ಬದಲು 40 ಲಕ್ಷ ಡಾಲರ್ ಕೊಡುವುದು ಒಂದು ಹಡಗು ಕಂಪನಿಗೆ ಲಾಭದಾಯಕವಾಗಿ ಕಂಡಿದ್ದು ಹೇಗೆ?’ ಎನ್ನುವುದು ಪ್ರಶ್ನೆ. ಇದರಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಯಾರು ಎಂಬುದು ಸ್ಪಷ್ಟವಾಗಿದೆ, ಅವರ ಮುಂದಿದ್ದ ಆಯ್ಕೆಗಳು ಕಾಣುತ್ತವೆ, ಉತ್ತರ ಸರಿಯೋ ತಪ್ಪೋ ಎಂದು ತೂಗಿ ನೋಡಬಹುದು.

ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಅರ್ಥಶಾಸ್ತ್ರ ಓದದ ಯಾರಿಗಾದರೂ ತೋರಿಸಿ. ‘ಹೌದಲ್ಲ, ಯಾಕಿರಬಹುದು?’ ಎಂದರೆ ಪ್ರಶ್ನೆ ನಿಂತಿತು. ‘ಅದರಲ್ಲೇನಿದೆ?’ ಎಂದರೆ ಇನ್ನೊಂದು ಹುಡುಕಿ. ಈ ಹೆಜ್ಜೆಗೆ ಒಂದು ವಾರ ಹಿಡಿದರೂ ಚಿಂತೆಯಿಲ್ಲ, ಅವಸರ ಮಾಡಬೇಡಿ. ಪ್ರಾಜೆಕ್ಟ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಪ್ರಶ್ನೆ ಮಸುಕಾಗಿದ್ದರೆ ಆಮೇಲೆ ಎಷ್ಟು ಅಂಕಿಅಂಶ ಸುರಿದರೂ ಅದು ತಿಳಿಯಾಗುವುದಿಲ್ಲ.

ಮೂರನೆಯ ಹೆಜ್ಜೆ: ಒಂದೇ ಪರಿಕಲ್ಪನೆ, ಹೆಚ್ಚೆಂದರೆ ಜೊತೆಗೊಂದು

ಪಠ್ಯಪುಸ್ತಕದ ಹಿಂಭಾಗದ ಪದಪಟ್ಟಿಯನ್ನು ಎದುರಿಗಿಟ್ಟುಕೊಂಡು ಕುಳಿತರೆ ಕಾಲುವೆಯ ಸುದ್ದಿಗೆ ಹತ್ತು ಪದ ಹೊಂದುತ್ತವೆ: ಕೊರತೆ, ಅಸ್ಥಿತಿಸ್ಥಾಪಕ ಪೂರೈಕೆ, ಅವಕಾಶ ವೆಚ್ಚ, ಏಕಸ್ವಾಮ್ಯ, ಬಾಹ್ಯ ಪರಿಣಾಮ, ಬದಲಿ ಸೇವೆ, ಹೀಗೆ. ಹತ್ತನ್ನೂ ಬರೆದರೆ ಬುದ್ಧಿವಂತಿಕೆ ಕಾಣುತ್ತದೆ ಎಂಬ ಭ್ರಮೆ ಬೇಡ. ನಿಮ್ಮ ಪ್ರಶ್ನೆ ಯಾವುದನ್ನು ಕೇಳುತ್ತದೋ ಅದನ್ನು ಮಾತ್ರ ಉಳಿಸಿಕೊಳ್ಳಿ.

ನಮ್ಮ ಪ್ರಶ್ನೆಗೆ ಬೇಕಾದದ್ದು ಅವಕಾಶ ವೆಚ್ಚ, ಅಂದರೆ ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಅತ್ಯುತ್ತಮ ಬದಲಿಯ ಬೆಲೆ. ಕಾಯುತ್ತಾ ನಿಂತ ಹಡಗಿಗೆ ದಿನದ ಬಾಡಿಗೆ, ಸಿಬ್ಬಂದಿಯ ಸಂಬಳ, ಇಂಧನದ ಖರ್ಚು ಇದ್ದೇ ಇರುತ್ತದೆ. ಅದಕ್ಕಿಂತ ದೊಡ್ಡದು, ಆ ದಿನಗಳಲ್ಲಿ ಅದೇ ಹಡಗು ಬೇರೆಡೆ ಗಳಿಸಬಹುದಾಗಿದ್ದ ಆದಾಯ, ಮತ್ತು ಸರಕು ತಡವಾದರೆ ಒಪ್ಪಂದದ ಪ್ರಕಾರ ತೆರಬೇಕಾದ ದಂಡ. ಸುಮ್ಮನೆ ನಿಂತರೆ ಖರ್ಚಿಲ್ಲ ಎಂದು ನೋಡುವವರಿಗೆ ಅನ್ನಿಸಬಹುದು, ಹಡಗಿನ ಒಡೆಯರಿಗೆ ಹಾಗೆ ಅನ್ನಿಸುವುದಿಲ್ಲ. ಇನ್ನೊಂದು ದಾರಿಯೆಂದರೆ ದಕ್ಷಿಣ ಅಮೆರಿಕದ ತುದಿಯನ್ನೋ ಆಫ್ರಿಕದ ತುದಿಯನ್ನೋ ಬಳಸಿಕೊಂಡು ಹೋಗುವುದು. ಆಗ ಸಾವಿರಾರು ಕಿಲೋಮೀಟರ್ ಹೆಚ್ಚುತ್ತದೆ, ವಾರಗಳೇ ಹಿಡಿಯುತ್ತವೆ. ಈ ಎಲ್ಲ ನಷ್ಟವನ್ನು ಕೂಡಿದ ಮೊತ್ತ 40 ಲಕ್ಷವನ್ನು ಮೀರುತ್ತದೆ ಎಂದು ಆ ಕಂಪನಿ ಲೆಕ್ಕ ಹಾಕಿತು ಎನ್ನುವುದೇ ಉತ್ತರದ ತಿರುಳು.

ಜೊತೆಗೆ ಬೇಕಾದ ಪರಿಕಲ್ಪನೆ ಅಸ್ಥಿತಿಸ್ಥಾಪಕ ಪೂರೈಕೆ, ಅಂದರೆ ಬೆಲೆ ಏರಿದರೂ ಹೆಚ್ಚಲಾರದ ಪೂರೈಕೆ. ಬೆಲೆ ಎಷ್ಟೇ ಏರಲಿ, ಕಾಲುವೆಯ ಆಡಳಿತ ಮಳೆ ತರಿಸಲಾರದು. ರೇಖಾಚಿತ್ರದಲ್ಲಿ ಪೂರೈಕೆಯ ರೇಖೆ ಹೆಚ್ಚುಕಡಿಮೆ ನೆಟ್ಟಗೆ ನಿಂತುಬಿಡುತ್ತದೆ. ಹಾಗೆ ನಿಂತಾಗ ಹಂಚಿಕೆಗೆ ಉಳಿಯುವ ದಾರಿಗಳು ಸರದಿ, ಬೆಲೆ, ಇಲ್ಲವೇ ಯಾರೋ ಕುಳಿತು ಹಚ್ಚಿದ ಆದ್ಯತೆಯ ಪಟ್ಟಿ. ಕಾಲುವೆಯಲ್ಲಿ ಮೂರೂ ಬೆರೆತಿದ್ದವು.

ಇನ್ನು ಪೆನ್ಸಿಲಿನ ಪರೀಕ್ಷೆ ಮಾಡಿ. ವರದಿ ಹೇಳಿದ್ದು ಬರ ಮತ್ತು ಬೆಲೆಯನ್ನು. ಪರಿಕಲ್ಪನೆ ಅದಕ್ಕಿಂತ ಹೆಚ್ಚಿಗೆ ಹೇಳುತ್ತದೆ: ಎಲ್ಲ ಹಡಗುಗಳೂ ಹೀಗೆ ಹಣ ಕೊಡುವುದಿಲ್ಲ. ಕಾಯುವುದು ಯಾರಿಗೆ ಹೆಚ್ಚು ದುಬಾರಿಯೋ ಅವರು ಕೊಡುತ್ತಾರೆ. ಟನ್ನಿಗೆ ಕಡಿಮೆ ಬೆಲೆಬಾಳುವ ಸರಕನ್ನು ಹೊತ್ತವರು ದಾರಿ ಬದಲಿಸುತ್ತಾರೆ. ಇದು ಪರೀಕ್ಷಿಸಬಹುದಾದ ಮಾತು. ಆಗ ನಡೆದದ್ದೂ ಹೆಚ್ಚುಕಡಿಮೆ ಹಾಗೆಯೇ. ಮುಂಗಡವಾಗಿ ಸರದಿ ಕಾದಿರಿಸುವ ಕಂಟೇನರ್ ಹಡಗುಗಳು ಅಷ್ಟಾಗಿ ತೊಂದರೆಪಡಲಿಲ್ಲ. ಧಾನ್ಯದಂಥ ಸರಕನ್ನು ಸಗಟಾಗಿ ಸಾಗಿಸುವ ಹಲವು ಹಡಗುಗಳು ದೂರದ ದಾರಿ ಹಿಡಿದವು.

ಅದೇ ಸುದ್ದಿಗೆ ‘ಈ ನೀರು ಹಡಗಿಗೋ, ಕುಡಿಯಲಿಕ್ಕೋ?’ ಎಂಬ ಪ್ರಶ್ನೆ ಹಾಕಿದ್ದರೆ ಪರಿಕಲ್ಪನೆಯೂ ಬೇರೆಯಾಗುತ್ತಿತ್ತು, ಪ್ರಾಜೆಕ್ಟೂ ಬೇರೆಯಾಗುತ್ತಿತ್ತು. ಒಂದೇ ಸುದ್ದಿಯನ್ನು ತರಗತಿಯ ನಾಲ್ಕು ಗುಂಪುಗಳು ತೆಗೆದುಕೊಂಡರೂ ನಕಲಾಗುವ ಭಯವಿಲ್ಲ.

ನಾಲ್ಕನೆಯ ಹೆಜ್ಜೆ: ಬಾಣಗಳು, ಬಾಣದ ಮೇಲೆ ಒಬ್ಬ ಮನುಷ್ಯ

ಕಾರಣದಿಂದ ಪರಿಣಾಮದವರೆಗಿನ ಸರಪಳಿಯನ್ನು ಒಂದು ಹಾಳೆಯಲ್ಲಿ ಬಾಣ ಹಾಕಿ ಬರೆಯುವುದು ಎಲ್ಲರಿಗೂ ಗೊತ್ತಿರುವ ವಿಧಾನ. ಅದಕ್ಕೆ ನಾನು ಸೇರಿಸುವ ನಿಯಮ ಒಂದೇ. ಪ್ರತಿ ಬಾಣದ ಮೇಲೂ ತೀರ್ಮಾನ ತೆಗೆದುಕೊಳ್ಳುವ ಯಾರಾದರೊಬ್ಬರ ಹೆಸರಿರಬೇಕು: ಕೊಳ್ಳುವವರು, ತಯಾರಕರು, ಸಾಲ ಕೊಡುವ ಬ್ಯಾಂಕ್, ಕೆಲಸ ಹುಡುಕುವವರು. ‘ತೆರಿಗೆ ಏರಿತು, ಬಳಕೆ ಇಳಿಯಿತು’ ಎಂಬ ಬಾಣದ ಮೇಲೆ ಯಾರೂ ಇಲ್ಲದಿದ್ದರೆ ಅದು ಬಾಣವಲ್ಲ, ನಂಬಿಕೆ.

ಈ ನಿಯಮದಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ತಂಪು ಪಾನೀಯಗಳ ಸಕ್ಕರೆ ತೆರಿಗೆಯನ್ನು ನೋಡಿ. 2016ರ ಮಾರ್ಚ್‌ನಲ್ಲಿ ಘೋಷಣೆಯಾದ ಈ ತೆರಿಗೆ ಜಾರಿಗೆ ಬಂದದ್ದು 2018ರ ಏಪ್ರಿಲ್‌ನಲ್ಲಿ. ಆಗಿನ ದರದಂತೆ 100 ಮಿಲಿಲೀಟರಿನಲ್ಲಿ 8 ಗ್ರಾಂ ಅಥವಾ ಹೆಚ್ಚು ಸಕ್ಕರೆ ಇದ್ದರೆ ಲೀಟರಿಗೆ 24 ಪೆನ್ಸ್, 5ರಿಂದ 8 ಗ್ರಾಂ ನಡುವೆ ಇದ್ದರೆ 18 ಪೆನ್ಸ್, 5 ಗ್ರಾಂಗಿಂತ ಕಡಿಮೆ ಇದ್ದರೆ ಏನೂ ಇರಲಿಲ್ಲ. ಈ ಸುದ್ದಿ ಕೊಟ್ಟು ಸರಪಳಿ ಬರೆಯಿರಿ ಎಂದರೆ ಹೆಚ್ಚಿನವರು ಬರೆಯುವುದು ಹೀಗೆ: ತೆರಿಗೆ ಬಂತು, ಬೆಲೆ ಏರಿತು, ಜನ ಕೊಳ್ಳುವುದನ್ನು ಕಡಿಮೆ ಮಾಡಿದರು. ಇಲ್ಲಿರುವ ಮನುಷ್ಯ ಗ್ರಾಹಕ ಒಬ್ಬನೇ.

ತೆರಿಗೆ ಕಟ್ಟಬೇಕಾದ ತಯಾರಕನನ್ನು ಬಾಣದ ಮೇಲೆ ಕೂರಿಸಿದಾಗ ಚಿತ್ರ ಬದಲಾಗುತ್ತದೆ. ಅವನ ಎದುರು ಎರಡು ವರ್ಷ ಕಾಲಾವಕಾಶವಿದೆ, 5 ಗ್ರಾಂ ಎಂಬ ಸ್ಪಷ್ಟ ಗೆರೆಯಿದೆ, ಗೆರೆಯ ಕೆಳಗಿಳಿದರೆ ತೆರಿಗೆಯೇ ಇಲ್ಲ. ಅವನೇನು ಮಾಡುತ್ತಾನೆ? ಪಾನೀಯದ ಸಕ್ಕರೆ ಇಳಿಸುತ್ತಾನೆ. ಅನೇಕ ಕಂಪನಿಗಳು ಮಾಡಿದ್ದೂ ಅದನ್ನೇ, ಅದೂ ತೆರಿಗೆ ಜಾರಿಯಾಗುವ ಮುನ್ನವೇ. ಜನರು ಕುಡಿಯುವ ಬಾಟಲಿಗಳು ಅಷ್ಟೇ ಇದ್ದರೂ ಒಳಗಿನ ಸಕ್ಕರೆ ಇಳಿಯುವ ದಾರಿ ಇದು. ಸಕ್ಕರೆ ಎಷ್ಟೇ ಇರಲಿ ಲೀಟರಿಗೆ ಒಂದೇ ದರದ ತೆರಿಗೆ ಹಾಕಿದ್ದರೆ ತಯಾರಕನಿಗೆ ಈ ಪ್ರೋತ್ಸಾಹ ಇರುತ್ತಿರಲಿಲ್ಲ. ತೆರಿಗೆಯ ಪ್ರಮಾಣಕ್ಕಿಂತ ಅದರ ಆಕಾರ ಮುಖ್ಯವಾಯಿತು ಎಂಬ ಈ ಮಾತು ‘ಪ್ರೋತ್ಸಾಹ’ ಎಂಬ ಪದಕ್ಕೆ ಬರೆದ ಯಾವ ವ್ಯಾಖ್ಯಾನದಲ್ಲೂ ಸಿಗುವುದಿಲ್ಲ.

ಬಾಣ ಬರೆಯುವಾಗ ಬರುವ ಹಳೆಯ ಗೊಂದಲವೊಂದನ್ನು ಇಲ್ಲೇ ತೀರಿಸಿಬಿಡೋಣ. ‘ಪೂರೈಕೆ ಕುಗ್ಗಿ ಬೆಲೆ ಏರಿತು, ಬೆಲೆ ಏರಿದ್ದರಿಂದ ಬೇಡಿಕೆ ಇಳಿಯಿತು, ಬೇಡಿಕೆ ಇಳಿದಿದ್ದರಿಂದ ಬೆಲೆ ಮತ್ತೆ ಇಳಿಯಿತು’ ಎಂದು ಬರೆದರೆ ಸರಪಳಿ ಸುತ್ತಿ ಬಂದು ತನ್ನ ಬಾಲವನ್ನೇ ಕಚ್ಚುತ್ತದೆ. ಬೆಲೆ ಏರಿದಾಗ ಕೊಳ್ಳುವ ಪ್ರಮಾಣ ಇಳಿಯುತ್ತದೆ, ಅಂದರೆ ನಾವು ಅದೇ ಬೇಡಿಕೆ ರೇಖೆಯ ಮೇಲೆ ಸರಿಯುತ್ತೇವೆ. ರೇಖೆಯೇ ಸ್ಥಳ ಬದಲಿಸಬೇಕಾದರೆ ಆದಾಯ, ಅಭಿರುಚಿ, ಬದಲಿ ಸರಕಿನ ಬೆಲೆ, ಮುಂದಿನ ನಿರೀಕ್ಷೆ ಇಂಥ ಬೇರೇನೋ ಬದಲಾಗಬೇಕು. ನಿಮ್ಮ ಸುದ್ದಿಯಲ್ಲಿ ಯಾವ ರೇಖೆ ಸರಿಯಿತು, ಯಾವುದು ಇದ್ದಲ್ಲೇ ಇತ್ತು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಲು ಬಾರದಿದ್ದರೆ ರೇಖಾಚಿತ್ರ ಬಿಡಿಸುವ ಗೊಡವೆಗೆ ಹೋಗಬೇಡಿ.

ಐದನೆಯ ಹೆಜ್ಜೆ: ಅಂಕಿಯನ್ನು ನಂಬುವ ಮೊದಲು

ಸುದ್ದಿಯ ಅಂಕಿಗೆ ಎರಡು ಮಾತು ಕೇಳಲೇಬೇಕು: ನೀನು ಯಾವುದರ ಅಂಕಿ, ಯಾವುದಕ್ಕೆ ಹೋಲಿಸಿದ ಅಂಕಿ?

ಮೊದಲನೆಯದಕ್ಕೆ 2020ರ ಏಪ್ರಿಲ್ 20ಕ್ಕಿಂತ ಒಳ್ಳೆಯ ಪಾಠವಿಲ್ಲ. ಅಂದು ಅಮೆರಿಕದ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಇಳಿಯಿತು. ತೈಲ ಮಾರುವವರೇ ಎದುರು ಹಣ ಕೊಡುವ ಸ್ಥಿತಿ ಬಂತೆಂದು ಜಗತ್ತೆಲ್ಲ ಬಾಯಿಬಿಟ್ಟು ನೋಡಿತು. ಹಾಗಾದರೆ ತೈಲಕ್ಕೆ ಬೆಲೆಯೇ ಇರಲಿಲ್ಲವೇ? ಇತ್ತು. ಋಣಾತ್ಮಕವಾದದ್ದು ಡಬ್ಲ್ಯುಟಿಐ ಎಂಬ ತೈಲದ ಮೇ ತಿಂಗಳ ವಾಯಿದಾ ಒಪ್ಪಂದ (ಮುಂದೆ ಪಡೆಯುವ ಸರಕಿಗೆ ಇಂದೇ ಬೆಲೆ ಗೊತ್ತುಮಾಡುವ ಒಪ್ಪಂದ) ಮಾತ್ರ. ಅದರ ಅವಧಿ ಮರುದಿನವೇ ಮುಗಿಯುತ್ತಿತ್ತು. ಒಪ್ಪಂದ ಕೈಯಲ್ಲಿಟ್ಟುಕೊಂಡವರು ಒಕ್ಲಹೋಮಾದ ಕುಶಿಂಗ್ ಎಂಬಲ್ಲಿ ತೈಲವನ್ನು ನಿಜವಾಗಿಯೂ ಪಡೆದುಕೊಳ್ಳಬೇಕಿತ್ತು. ಕೋವಿಡ್ ನಿರ್ಬಂಧಗಳಿಂದ ಬಳಕೆ ಕುಸಿದು, ಅಲ್ಲಿನ ಸಂಗ್ರಹಾಗಾರಗಳು ಒಂದೋ ತುಂಬಿದ್ದವು, ಇಲ್ಲವೇ ಮೊದಲೇ ಬಾಡಿಗೆಗೆ ಹೋಗಿದ್ದವು. ಅಂದು ದುಬಾರಿಯಾಗಿದ್ದದ್ದು ಜಾಗ. ಅದೇ ದಿನ ಜೂನ್ ತಿಂಗಳ ಒಪ್ಪಂದ 20 ಡಾಲರ್, ಉತ್ತರ ಸಮುದ್ರದ ಬ್ರೆಂಟ್ ತೈಲ 25 ಡಾಲರ್ ಆಸುಪಾಸಿನಲ್ಲಿದ್ದವು. ‘ತೈಲದ ಬೆಲೆ’ ಎಂದು ಒಂದೇ ಮಾತಿನಲ್ಲಿ ಬರೆದ ವಿದ್ಯಾರ್ಥಿಯ ಇಡೀ ವಿವರಣೆ ಇಲ್ಲಿ ದಿಕ್ಕುತಪ್ಪುತ್ತದೆ.

ಎರಡನೆಯದಕ್ಕೆ ಹಣದುಬ್ಬರದ ಸುದ್ದಿಯೇ ಸಾಕು. ಅಮೆರಿಕದಲ್ಲಿ ವಾರ್ಷಿಕ ಹಣದುಬ್ಬರ 2022ರ ಜೂನ್‌ನಲ್ಲಿ ಶೇ 9.1 ಇತ್ತು, 2023ರ ಜೂನ್‌ನಲ್ಲಿ ಶೇ 3ಕ್ಕೆ ಇಳಿಯಿತು. ‘ಹಣದುಬ್ಬರ ಇಳಿಕೆ’ ಎಂಬ ಶೀರ್ಷಿಕೆ ನೋಡಿ ಬೆಲೆಗಳು ಇಳಿದವು ಎಂದು ಬರೆದವರ ಲೆಕ್ಕವಿಲ್ಲ. 2021ರ ಜೂನ್‌ನ ಬೆಲೆಮಟ್ಟವನ್ನು 100 ಎಂದಿಟ್ಟುಕೊಂಡು ನೀವೇ ಲೆಕ್ಕ ಮಾಡಿ. ಮರುವರ್ಷ 109.1, ಅದರ ಮರುವರ್ಷ ಸುಮಾರು 112.4. ಇಳಿದದ್ದು ಏರಿಕೆಯ ವೇಗ, ಬೆಲೆಯಲ್ಲ. ಜನ ಏಕೆ ಇನ್ನೂ ಗೊಣಗುತ್ತಿದ್ದಾರೆ ಎಂದು ಅಂಕಣಕಾರರು ಅಚ್ಚರಿಪಟ್ಟಾಗ ಉತ್ತರ ಈ ಮೂರು ಸಂಖ್ಯೆಗಳಲ್ಲೇ ಇತ್ತು.

ಅಂಕಿಗಳನ್ನು ಪತ್ರಿಕೆಯಿಂದ ಎತ್ತಿಕೊಳ್ಳದೆ ಮೂಲದಿಂದ ತೆಗೆದುಕೊಳ್ಳಿ. ಆಯಾ ದೇಶದ ಅಂಕಿಅಂಶ ಇಲಾಖೆ, ಕೇಂದ್ರ ಬ್ಯಾಂಕಿನ ಹೇಳಿಕೆಗಳು, ವಿಶ್ವ ಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ದತ್ತಾಂಶ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತಿಂಗಳಿಗೊಮ್ಮೆ ಪ್ರಕಟಿಸುವ ಆಹಾರ ಬೆಲೆ ಸೂಚ್ಯಂಕ, ಇವೆಲ್ಲ ಉಚಿತವಾಗಿ ಸಿಗುತ್ತವೆ. ಕನಿಷ್ಠ ಐದು ವರ್ಷದ ಸರಣಿಯನ್ನು ಇಳಿಸಿಕೊಂಡು ಒಂದು ಗೆರೆಚಿತ್ರ ಬಿಡಿಸಿ. ‘ಗಗನಕ್ಕೇರಿದ ಬೆಲೆ’ ಎಂಬ ಸುದ್ದಿ ಐದು ವರ್ಷದ ಗೆರೆಯಲ್ಲಿ ಒಮ್ಮೊಮ್ಮೆ ಸಣ್ಣ ದಿಬ್ಬದಂತೆ ಕಾಣುತ್ತದೆ. ಆ ಗೆರೆಚಿತ್ರವನ್ನು ಪ್ರಾಜೆಕ್ಟಿನಲ್ಲಿ ಹಾಕಿ, ಸುದ್ದಿಯ ತುಣುಕಿಗಿಂತ ಅದು ಹೆಚ್ಚು ಮಾತಾಡುತ್ತದೆ.

ಆರನೆಯ ಹೆಜ್ಜೆ: ಅದು ಆಗದೇ ಇದ್ದಿದ್ದರೆ?

ಒಂದು ನೀತಿ ಬಂತು, ಆಮೇಲೆ ಏನೋ ಆಯಿತು. ನೀತಿಯಿಂದಲೇ ಆಯಿತು ಎನ್ನಲು ಏನು ಆಧಾರ? ನೀತಿ ಬಾರದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೋಡಲು ಎರಡನೆಯ ಜಗತ್ತಿಲ್ಲ. ಅದಕ್ಕೆ ಹತ್ತಿರವಾದ ಏನನ್ನಾದರೂ ಹುಡುಕಬೇಕು.

ಇದರ ಪ್ರಸಿದ್ಧ ಮಾದರಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನಡೆಯಿತು. 1992ರ ಏಪ್ರಿಲ್ 1ರಂದು ಆ ರಾಜ್ಯ ಗಂಟೆಗೆ 4.25 ಡಾಲರ್ ಇದ್ದ ಕನಿಷ್ಠ ವೇತನವನ್ನು 5.05 ಡಾಲರ್‌ಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಗಡಿಯ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ವೇತನ ಏರುವ ಮೊದಲು ಒಮ್ಮೆ, ಏರಿದ ಮೇಲೆ ಒಮ್ಮೆ ಸಮೀಕ್ಷೆ ಮಾಡಿದರು. ಪಠ್ಯಪುಸ್ತಕದ ರೇಖಾಚಿತ್ರದ ಪ್ರಕಾರ ನ್ಯೂಜೆರ್ಸಿಯಲ್ಲಿ ಉದ್ಯೋಗ ಕುಸಿಯಬೇಕಿತ್ತು. ಅವರಿಗೆ ಅಂಥ ಕುಸಿತ ಕಾಣಲಿಲ್ಲ. 1994ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಬೇರೆ ಸಂಶೋಧಕರು ವೇತನದ ದಾಖಲೆಗಳನ್ನು ಮುಂದಿಟ್ಟು ಪ್ರಶ್ನಿಸಿದರು, ವಾದ ವರ್ಷಗಟ್ಟಲೆ ನಡೆಯಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಸ್ಮಾರಕ ಪ್ರಶಸ್ತಿಯ ಅರ್ಧ ಪಾಲು ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ವಿದ್ಯಾರ್ಥಿಗಳು 410 ಹೋಟೆಲು ಸುತ್ತಬೇಕಿಲ್ಲ. ಆದರೆ ‘ಪಕ್ಕದವರು’ ಯಾರು ಎಂದು ಕೇಳಿಕೊಳ್ಳುವುದು ಎಲ್ಲರಿಗೂ ಸಾಧ್ಯ. ತೆರಿಗೆ ಬಿದ್ದ ಸರಕಿನ ಪಕ್ಕದಲ್ಲಿ ತೆರಿಗೆ ಬೀಳದ ಸರಕು ಯಾವುದಿದೆ? ನಿಯಮ ಬಂದ ಊರಿನ ಪಕ್ಕದಲ್ಲಿ ನಿಯಮ ಬಾರದ ಊರು ಯಾವುದಿದೆ? ಅಲ್ಲಿಯೂ ಅದೇ ಬದಲಾವಣೆ ಕಂಡರೆ ನಿಮ್ಮ ವಿವರಣೆ ಸಡಿಲವಾಯಿತು. ಪ್ರಾಜೆಕ್ಟಿನಲ್ಲಿ ಒಂದು ಪುಟವನ್ನು ಕಡ್ಡಾಯವಾಗಿ ಎದುರು ವಿವರಣೆಗೆ ಮೀಸಲಿಡಿ. ಅದನ್ನು ಸೋಲಿಸಲೆಂದೇ ದುರ್ಬಲವಾಗಿ ಬರೆಯಬೇಡಿ, ಅದನ್ನು ನಂಬುವವರು ಓದಿದರೂ ಒಪ್ಪುವಂತೆ ಬರೆಯಿರಿ. ಗುಂಪಿನಲ್ಲಿ ಕೆಲಸ ಮಾಡುತ್ತಿದ್ದರೆ ಒಬ್ಬರಿಗೆ ಈ ಎದುರಾಳಿಯ ಪಾತ್ರವನ್ನೇ ಕೊಟ್ಟುಬಿಡಿ. ಪುಟ ಹಂಚಿಕೊಳ್ಳುವುದಕ್ಕಿಂತ ಪಾತ್ರ ಹಂಚಿಕೊಳ್ಳುವುದು ಮೇಲು.

ಏಳನೆಯ ಹೆಜ್ಜೆ: ಮುನ್ಸೂಚನೆ ಬರೆದು ದಿನಾಂಕ ಹಾಕುವುದು

ನನ್ನ ಮಟ್ಟಿಗೆ ಪ್ರಾಜೆಕ್ಟಿನ ಜೀವ ಇಲ್ಲಿದೆ. ಆಗಿಹೋದದ್ದನ್ನು ವಿವರಿಸುವುದು ಸುಲಭ, ಏಕೆಂದರೆ ಉತ್ತರ ಮೊದಲೇ ಗೊತ್ತಿರುತ್ತದೆ. ವಿವರಣೆ ಗಟ್ಟಿಯೋ ಜಳ್ಳೋ ಎಂದು ತಿಳಿಯಬೇಕಾದರೆ ಅದು ಇನ್ನೂ ಆಗದಿರುವುದರ ಬಗ್ಗೆ ಏನಾದರೂ ಹೇಳಬೇಕು.

ಎರಡನೆಯ ವಾರದ ಕೊನೆಯ ಹೊತ್ತಿಗೆ ಒಂದು ನೋಟ್‌ಪುಸ್ತಕದಲ್ಲಿ ಮೂರು ಸಾಲು ಬರೆಯಿರಿ. ನನ್ನ ವಿವರಣೆ ಸರಿಯಾಗಿದ್ದರೆ ಮುಂದಿನ ಮೂರು ವಾರಗಳಲ್ಲಿ ಇಂಥದ್ದು ಕಾಣಬೇಕು. ಅದನ್ನು ಇಂಥ ಅಂಕಿಯಲ್ಲಿ ನೋಡುತ್ತೇನೆ. ಇಂತಿಷ್ಟಕ್ಕಿಂತ ಕಡಿಮೆ ಕಂಡರೆ ನನ್ನ ವಿವರಣೆ ಸೋತಿತು. ಮೂರನೆಯ ಸಾಲು ಬರೆಯಲು ಎಲ್ಲರಿಗೂ ಅಳುಕು. ‘ಏರಬಹುದು ಅಥವಾ ಇಳಿಯಬಹುದು’ ಎಂದು ಜಾರಿಕೊಳ್ಳುವವರೇ ಹೆಚ್ಚು. ಜಾರಿಕೊಳ್ಳಲು ಬಿಡದಿರುವುದೇ ಆ ಸಾಲಿನ ಕೆಲಸ. ಬರೆದ ಮೇಲೆ ದಿನಾಂಕ ಹಾಕಿ, ಮೇಷ್ಟ್ರ ಸಹಿ ಪಡೆಯಿರಿ. ಆಮೇಲೆ ತಿದ್ದುವಂತಿಲ್ಲ. ‘ಇದು ಹಣದುಬ್ಬರಕ್ಕೆ ಉದಾಹರಣೆ’ ಎಂಬಂಥ ಪುಟಗಳನ್ನು ಈಗ ಯಂತ್ರವೇ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ. ಸಹಿಯಿರುವ, ದಿನಾಂಕವಿರುವ, ಕೈಬರಹದ ಮುನ್ಸೂಚನೆಯನ್ನು ಹಿಂದಿನ ತಾರೀಕಿಗೆ ಬರೆದುಕೊಡಲು ಅದಕ್ಕೆ ಸಾಧ್ಯವಿಲ್ಲ.

ನಂತರದ ವಾರಗಳಲ್ಲಿ ವಾರಕ್ಕೆ ಎರಡು ಸಲ ಅದೇ ಸುದ್ದಿಯ ಬೆನ್ನುಹತ್ತಿ, ಹೊಸದೇನಾದರೂ ಬಂದರೆ ಎರಡು ಸಾಲಿನಲ್ಲಿ ಟಿಪ್ಪಣಿ ಮಾಡಿ. ಏನೂ ಬಾರದಿದ್ದರೆ ‘ಏನೂ ಬರಲಿಲ್ಲ’ ಎಂದೇ ಬರೆಯಿರಿ.

ಮುನ್ಸೂಚನೆ ಸುಳ್ಳಾದರೆ ಅಂಕ ಹೋಗುತ್ತದೆಯೇ? ಹೋಗಬಾರದು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಲ್ಲಿ ಶೂನ್ಯದ ಹತ್ತಿರವಿದ್ದ ಬಡ್ಡಿದರವನ್ನು 2023ರ ಜುಲೈ ಹೊತ್ತಿಗೆ ಶೇ 5.25ರಿಂದ 5.5ರ ಮಟ್ಟಕ್ಕೆ ಏರಿಸಿತು. ಇಷ್ಟು ಬಿರುಸಾಗಿ ದರ ಏರಿದರೆ ಹಿಂಜರಿತ ಬರುತ್ತದೆ, ನಿರುದ್ಯೋಗ ಹೆಚ್ಚುತ್ತದೆ ಎಂದು ಹಲವು ಪರಿಣತರು ನುಡಿದಿದ್ದರು. 2023ರ ಉದ್ದಕ್ಕೂ ಅಲ್ಲಿನ ನಿರುದ್ಯೋಗ ಪ್ರಮಾಣ ಶೇ 4ನ್ನು ಮುಟ್ಟಲೇ ಇಲ್ಲ. ಬಡ್ಡಿದರದಿಂದ ಉದ್ಯೋಗದವರೆಗಿನ ಸರಪಳಿ ತಪ್ಪೆಂದು ಇದರಿಂದ ಸಾಬೀತಾಗುವುದಿಲ್ಲ. ಯಾವುದೋ ಬಾಣ ನಿರೀಕ್ಷಿಸಿದಷ್ಟು ಗಟ್ಟಿಯಾಗಿರಲಿಲ್ಲ, ಅಥವಾ ಇನ್ನೊಂದು ಬಾಣ ಎದುರಿನಿಂದ ತಳ್ಳುತ್ತಿತ್ತು. ಅದು ಯಾವುದು ಎಂದು ಹುಡುಕುವ ಎರಡು ಪುಟ, ಸರಿಯಾದ ಮುನ್ಸೂಚನೆಯ ಹತ್ತು ಪುಟಕ್ಕಿಂತ ಬೆಲೆಯುಳ್ಳದ್ದು.

ಎಂಟನೆಯ ಹೆಜ್ಜೆ: ಬರವಣಿಗೆ

ಇದಕ್ಕೆ ಹೆಚ್ಚು ಹೇಳಬೇಕಿಲ್ಲ. ಮೊದಲ ವಾಕ್ಯದಲ್ಲೇ ಪ್ರಶ್ನೆ ಬರಲಿ, ವ್ಯಾಖ್ಯಾನದಿಂದ ಶುರುಮಾಡಬೇಡಿ. ಸುದ್ದಿಯ ಸಾರಾಂಶ ಒಂದು ಪ್ಯಾರಾ ಮೀರದಿರಲಿ. ಸರಪಳಿಗೆ ಒಂದು ಪುಟ, ಗೆರೆಚಿತ್ರಕ್ಕೆ ಮತ್ತು ಅದರ ಓದಿಗೆ ಒಂದು, ಎದುರು ವಿವರಣೆಗೆ ಒಂದು, ಮುನ್ಸೂಚನೆ ಮತ್ತು ಅದರ ಗತಿಗೆ ಎರಡು. ಆರೇಳು ಪುಟದಲ್ಲಿ ಮುಗಿಯದಿದ್ದರೆ ಪ್ರಶ್ನೆ ದೊಡ್ಡದಾಗಿದೆ. ರೇಖಾಚಿತ್ರ ಒಂದೇ ಸಾಕು, ಆದರೆ ಅದರ ಅಕ್ಷಗಳ ಮೇಲೆ ‘ಬೆಲೆ’, ‘ಪ್ರಮಾಣ’ ಎಂದಷ್ಟೇ ಬರೆಯದೆ ಯಾವುದರ ಬೆಲೆ, ಎಷ್ಟು ಕಾಲದ ಪ್ರಮಾಣ ಎಂದು ಬರೆಯಿರಿ. ‘ದಿನಕ್ಕೆ ಕಾಲುವೆ ದಾಟುವ ಹಡಗುಗಳು’ ಎಂದು ಅಕ್ಷಕ್ಕೆ ಹೆಸರಿಟ್ಟಾಗಲೇ ಪೂರೈಕೆಯ ರೇಖೆ 36ರಿಂದ 24ಕ್ಕೆ ಸರಿಯುವುದು ಕಣ್ಣಿಗೆ ಕಟ್ಟುತ್ತದೆ.

ಮೌಲ್ಯಮಾಪನ ಮಾಡುವ ಶಿಕ್ಷಕರಿಗೂ ಒಂದು ಮಾತು. ಪುಟಗಳ ಸಂಖ್ಯೆಗೆ, ಅಲಂಕಾರಕ್ಕೆ ಅಂಕವಿಟ್ಟರೆ ವಿದ್ಯಾರ್ಥಿಗಳು ಅದನ್ನೇ ತಂದುಕೊಡುತ್ತಾರೆ. ಪ್ರೋತ್ಸಾಹದ ಪಾಠ ಹೇಳುವವರು ಪ್ರೋತ್ಸಾಹವನ್ನು ಮರೆಯಬಾರದು. ಅರ್ಧದಷ್ಟು ಅಂಕವನ್ನು ಸರಪಳಿಗೂ ಎದುರು ವಿವರಣೆಗೂ ಇಡಿ, ಮುನ್ಸೂಚನೆಯನ್ನು ತೂಗುವಾಗ ಅದು ಸರಿಬಂತೇ ಎಂಬುದನ್ನು ನೋಡದೆ ಸ್ಪಷ್ಟವಾಗಿತ್ತೇ ಎಂಬುದನ್ನು ನೋಡಿ.

ಮೌಖಿಕ ಪರೀಕ್ಷೆಗೆ ಹೋಗುವ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳಿಗೆ ಸಿದ್ಧರಾಗಿರಲಿ. ನಿಮ್ಮ ಸರಪಳಿಯಲ್ಲಿ ಅತ್ಯಂತ ದುರ್ಬಲವಾದ ಬಾಣ ಯಾವುದು? ಈ ಬದಲಾವಣೆಯಿಂದ ಕಳೆದುಕೊಂಡವರು ಯಾರು, ಅವರ ಮಾತು ಸುದ್ದಿಯಲ್ಲಿ ಬಂದಿತ್ತೇ? ಯಾವ ಅಂಕಿ ಸಿಕ್ಕಿದ್ದರೆ ನಿಮ್ಮ ಅಭಿಪ್ರಾಯ ಬದಲಾಗುತ್ತಿತ್ತು? ನೋಟ್‌ಪುಸ್ತಕವನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಗೀಚಿದ, ಕಾಟು ಹೊಡೆದ ಆ ಪುಟಗಳನ್ನು ನಕಲು ಮಾಡಿ ಶುದ್ಧಪ್ರತಿ ತಯಾರಿಸುವ ಅಗತ್ಯವೂ ಇಲ್ಲ, ಹಾಗೆಯೇ ಪ್ರಾಜೆಕ್ಟಿನ ಹಿಂದೆ ಸೇರಿಸಿ ಹೊಲಿದು ಕೊಡಿ.